ಯಾರ ಪೈಕಿ ಎಂದು ಕೇಳುವ ಕತ್ತರಿ

ಬೈಲಹೊಂಗಲ,
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಮಗಳು ಸ್ನೇಹಲ್‌ಗೆ,

ಜೈಭೀಮ್. ನಿನ್ನ ಅಪ್ಪ ಇಲ್ಲಿ ದವಾಖಾನೆಯ ಮಂಚದ ಮೇಲೆ ಕ್ಷೇಮವಾಗಿದ್ದಾನೆ. ಅವನ ಬಲಗಾಲು ಮಾತ್ರ ತನ್ನ ಕ್ಷೇಮದ ಬಗ್ಗೆ ಬೇರೆಯೇ ಪತ್ರ ಬರೆಯಬೇಕಾದ ಸ್ಥಿತಿಯಲ್ಲಿದೆ. ಅದಕ್ಕೆ ಓದುಬರಹ ಬಾರದು. ಆದ್ದರಿಂದ ಅದರ ವಕಾಲತ್ತನ್ನೂ ನಾನೇ ವಹಿಸಿದ್ದೇನೆ.

ಗುರುವಾರ ಬೆಳಗ್ಗೆ ಮೊಣಕಾಲಿನ ಕೆಳಗೆ ಕತ್ತರಿಸುತ್ತಾರೆ. ಇದನ್ನು ನಿನ್ನವ್ವ ಭಾಗ್ಯಾ ನಿನಗೆ ಫೋನಿನಲ್ಲಿ ಹೇಳಿದ್ದಾಳೆ. ಕೇಳಿದ ಕೂಡಲೇ ನೀನು ಅಂದದ್ದನ್ನೂ ನನಗೆ ಹೇಳಿದ್ದಾಳೆ: ಪುಣೆ ಬಿಟ್ಟು ಬರುತ್ತೇನೆ, ಪಿಎಚ್‌ಡಿ ಸಾಕು, ನಮ್ಮೂರು ನೇಸರಗಿಯಲ್ಲಿ ಹುಡುಗರಿಗೆ ಟ್ಯೂಷನ್ ಹೇಳಿಕೊಂಡು ಇರುತ್ತೇನೆ, ಅಪ್ಪನ ಕಾಲು ಉಳಿಸದ ವಿದ್ಯೆ ಇಟ್ಟುಕೊಂಡು ಏನು ಮಾಡಲಿ ಎಂದು. ಸೋಮವಾರ ನಿನ್ನ ಗೈಡ್ ಸರ್ ಕೈಗೆ ರಾಜೀನಾಮೆ ಕೊಡುತ್ತೀಯಂತೆ. ಇದನ್ನು ಹೇಳುವಾಗ ನಿನ್ನವ್ವ ಕಣ್ಣು ಒರೆಸಿಕೊಳ್ಳಲಿಲ್ಲ, ನನ್ನ ಊಟದ ತಟ್ಟೆ ಒರೆಸಿದಳು. ಒಂದೇ ತಟ್ಟೆಯನ್ನು ಬಹಳ ಹೊತ್ತು ಒರೆಸಿದಳು.

ಫೋನು ಮಾಡಿದರೆ ನೀನು ಅಳುತ್ತೀ, ನಾನು ಚೇಷ್ಟೆ ಮಾಡುತ್ತೇನೆ, ಇಬ್ಬರ ಮಾತೂ ಮುಗಿಯುವುದಿಲ್ಲ. ಪತ್ರವಾದರೆ ಎದುರಿನವರು ನಡುವೆ ಬಾಯಿ ಹಾಕುವುದಿಲ್ಲ. ಜೀವಮಾನವೆಲ್ಲ ಬಸ್ಸಿನಲ್ಲಿ ಕಂಡಕ್ಟರಿಕೆ ಮಾಡಿ, ಚಿಲ್ಲರೆಗಾಗಿ ಸವದತ್ತಿಯಿಂದ ರಾಮದುರ್ಗದವರೆಗೆ ಬೈಸಿಕೊಂಡವನಿಗೆ ಇದಕ್ಕಿಂತ ದೊಡ್ಡ ಸುಖ ಉಂಟೇ? ಸ್ಪೀಡ್ ಪೋಸ್ಟಿಗೆ ಹಾಕಿಸುತ್ತೇನೆ. ಸೋಮವಾರದೊಳಗೆ ನಿನ್ನ ಕೈಗೆ ಬರುತ್ತದೆ, ಬರಲೇಬೇಕು.

ನಿನ್ನ ತಲೆಯೊಳಗೆ ನಡೆದಿರುವ ಮೊಕದ್ದಮೆ ನನಗೆ ಗೊತ್ತು. ಬ್ಯಾಕ್ಟೀರಿಯಾ ತಿನ್ನುವ ವೈರಸ್ಸನ್ನು ಬೆಳೆಸಿ ಬಾಟಲಿಯಲ್ಲಿ ಕಳಿಸಿದೆ, ಅಪ್ಪನ ಗಾಯದ ಬ್ಯಾಕ್ಟೀರಿಯಾದೊಳಗೆ ಇನ್ನೂ ಒಂದು ಕತ್ತರಿ ಇದ್ದು ಅದನ್ನು ತುಂಡು ಮಾಡಿರಬೇಕು, ಇಂಥ ಕತ್ತರಿಗಳನ್ನೇ ನಾಲ್ಕು ವರ್ಷ ಓದಿದ ನಾನು ಅದನ್ನು ಮೊದಲೇ ಕಾಣಲಿಲ್ಲ, ತಪ್ಪು ನನ್ನದು. ನೀನೇ ವಕೀಲೆ, ನೀನೇ ನ್ಯಾಯಾಧೀಶೆ, ನೀನೇ ಅಪರಾಧಿ. ಸಾಕ್ಷಿಯಾದ ನನ್ನನ್ನು ಮಾತ್ರ ಕರೆಯಲಿಲ್ಲ. ಹೀಗಾಗಿ ಸಾಕ್ಷಿ ಸಮನ್ಸಿಲ್ಲದೆ ಹಾಜರಾಗಿದ್ದಾನೆ.

ಸಾಕ್ಷಿಗೆ ವಿಷಯ ತಿಳಿದಿದೆಯೇ ಎಂದು ನೀನು ಅನುಮಾನ ಪಡಬಹುದು. ತಿಳಿದಷ್ಟನ್ನು ಒಪ್ಪಿಸುತ್ತೇನೆ, ತಿದ್ದಿಕೋ. ಬ್ಯಾಕ್ಟೀರಿಯಾ ಒಂದು ಬಸ್ಸು. ವೈರಸ್ಸು ಬಂದು ತನ್ನ ಡಿಎನ್‌ಎ ದಾರವನ್ನು ಅದರೊಳಗೆ ತೂರಿಸುತ್ತದೆ. ಒಳಗೊಬ್ಬ ಕಂಡಕ್ಟರ್ ಇದ್ದಾನೆ, ಅವನೇ ಕತ್ತರಿಸುವ ಕಿಣ್ವ. ತುಂಬಿದ ಬಸ್ಸಿನಲ್ಲಿ ನಾನು ಕಂಬಿ ಹಿಡಿದು ಸರಿಯುತ್ತಿದ್ದಂತೆ ಅವನು ದಾರದ ಉದ್ದಕ್ಕೂ ಜಾರುತ್ತ, ಆರೇ ಅಕ್ಷರದ ಒಂದು ಶಬ್ದವನ್ನು ಹುಡುಕುತ್ತಾನೆ. ಆ ಶಬ್ದ ಗದಗ ಬಸ್ಸಿನ ಬೋರ್ಡಿನಂಥದು. ಈ ಎಳೆಯಲ್ಲಿ ಈ ಕಡೆಯಿಂದ ಓದಿದರೂ ಗದಗ, ಎದುರಿನ ಎಳೆಯಲ್ಲಿ ಆ ಕಡೆಯಿಂದ ಓದಿದರೂ ಗದಗ. ಅದಕ್ಕೇ ಕಿಣ್ವಕ್ಕೂ ಒಂದೇ ಥರದ ಎರಡು ಅರ್ಧಗಳು. ಎರಡೂ ಸೇರಿ ದಾರವನ್ನು ಬೊಗಸೆಯಲ್ಲಿ ಹಿಡಿದು, ಒಂದೊಂದು ಎಳೆಯನ್ನು ಒಂದೊಂದು ಅರ್ಧ ಕತ್ತರಿಸುತ್ತದೆ. ಹೋದ ಬೇಸಿಗೆಯಲ್ಲಿ ನೀನು ಕಣಕದ ಎರಡು ಉಂಡೆಗಳನ್ನು ಹುರಿಹಗ್ಗಕ್ಕೆ ಅಮುಕಿ ತೋರಿಸಿದ್ದೆ. ಆಮೇಲೆ ನಿನ್ನವ್ವ ಆ ಕಿಣ್ವವನ್ನು ಲಟ್ಟಿಸಿ ಚಪಾತಿ ಮಾಡಿದಳು. ನಾರು ಹಲ್ಲಿಗೆ ಸಿಕ್ಕಿದರೂ ವಿಜ್ಞಾನದ ಮೇಲಿನ ಗೌರವದಿಂದ ತಿಂದೆ.

ಬ್ಯಾಕ್ಟೀರಿಯಾದ ಸ್ವಂತ ದಾರದಲ್ಲೂ ಗದಗ ಇರುತ್ತದಲ್ಲ, ಅದನ್ನೇಕೆ ಕತ್ತರಿಸುವುದಿಲ್ಲ ಎಂದು ಕೇಳಿದ್ದೆ. ಮನೆಯ ದಾರಕ್ಕೆ ಪಾಸು ಇರುತ್ತದೆ, ಒಂದು ಅಕ್ಷರದ ಮೇಲೆ ಸಣ್ಣದೊಂದು ಗುರುತು, ಅದನ್ನು ಕಂಡರೆ ಕಿಣ್ವ ಮುಂದಕ್ಕೆ ಹೋಗುತ್ತದೆ, ಕಾಣದಿದ್ದರೆ ಕಚಕ್ ಅಂದಿದ್ದೆ ನೀನು. ಅಂದರೆ ಅದು ಕೇಳುವುದು ಜಾತಿ ವಿಚಾರಿಸುವ ನಮ್ಮೂರಿನ ಪ್ರಶ್ನೆಯನ್ನೇ: "ಯಾರ ಪೈಕಿ ನೀ?" ಈ ಪ್ರಶ್ನೆಯನ್ನು ನಮ್ಮ ಸೀಮೆಯ ಹಿರಿಯರು ಕಂಡುಹಿಡಿದರೆಂದು ನಾನು ನಂಬಿದ್ದೆ. ನೀನು ಅದನ್ನು ನೂರಾರು ಕೋಟಿ ವರ್ಷ ಹಿಂದಕ್ಕೆ ತಳ್ಳಿದೆ. ಹಿರಿಯರ ಮೇಲೆ ನನಗಿದ್ದ ಒಂದೇ ಒಂದು ಗೌರವವೂ ಅಂದಿಗೆ ಹೋಯಿತು.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಹೆಚ್ಚು ಹಿಡಿಸಿತ್ತು. ಕಂಪ್ಯೂಟರಿನಲ್ಲಿ ಎರಡು ಕಿಣ್ವಗಳ ಚಿತ್ರ ತೋರಿಸಿದೆಯಲ್ಲ, ಬೇರೆ ಬೇರೆ ಬ್ಯಾಕ್ಟೀರಿಯಾದವು. ಅಕ್ಷರ ಅಕ್ಷರ ಹೋಲಿಸಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಸಂತೆಯಲ್ಲಿ ಎದುರಾದರೂ ಗುರುತು ಹಿಡಿಯದ ಜನ. ಚರ್ಮ ಸರಿಸಿ ಒಳಗೆ ನೋಡಿದರೆ ಕತ್ತರಿಸುವ ಜಾಗದ ಎಲುಬುಗೂಡು ಒಂದೇ, ಮಡಿಕೆ ಒಂದೇ. ಒಬ್ಬಳೇ ಅಜ್ಜಿಯ ಸಂತಾನ, ವೈರಸ್ಸಿನ ಕೂಡ ಬಡಿದಾಡುತ್ತ ಮುಖ ಬದಲಾಗುವಷ್ಟು ಕಾಲ ಕಳೆದಿದೆ ಅಂದಿದ್ದೆ. ಅಂದು ಸಂಜೆ ಓಣಿಯಲ್ಲಿ ಹೋಗುವವರ ಮುಖವನ್ನೆಲ್ಲ ನಾನು ಅನುಮಾನದಿಂದ ನೋಡಿದ್ದೇನೆ.

ಇನ್ನು ನನ್ನ ಕಾಲಿನ ಚರಿತ್ರೆ. ಆಗಸ್ಟಿನಲ್ಲಿ ಸವದತ್ತಿಗೆ ನೆಂಟರೊಬ್ಬರ ಮದುವೆ ಮಾತುಕತೆಗೆ ಹೋಗಿದ್ದೆ. ಚಪ್ಪಲಿಯ ಅಟ್ಟೆಯೊಳಗಿಂದ ಮೊಳೆಯೊಂದು ತಲೆ ಎತ್ತಿತ್ತು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದು ವರ್ಷಗಳಾಗಿತ್ತು. ದಿನವಿಡೀ ಮೊಳೆಯ ಮೇಲೆ ನಡೆದೆ, ಒಬ್ಬರ ಮನೆಯಲ್ಲಿ ಹೋಳಿಗೆಯನ್ನೂ ಉಂಡೆ. ಮನೆಗೆ ಬಂದಾಗ ನಿನ್ನವ್ವ ನೆಲದ ಮೇಲಿನ ಹೆಜ್ಜೆ ನೋಡಿ, "ಯಾರ ಕಾಲ್ರೀ ಇದು ಕೆಂಪಂದು?" ಎಂದು ಕೇಳಿದಳು. ನಾನೂ ಹಿಂದೆ ತಿರುಗಿ ನೋಡಿದೆ, ಯಾರಾದರೂ ಬಂದಿದ್ದಾರೋ ಎಂದು.

ಮುಂದಿನದು ನಿನಗೆ ಗೊತ್ತು. ಗಾಯ ಯಾವ ಔಷಧಿಗೂ ಬಗ್ಗಲಿಲ್ಲ. ನಿನ್ನ ಸರ್ ಯಾವ ಯಾವ ಸಮಿತಿಯ ಮುಂದೆ ನಿಂತು ಪರವಾನಗಿ ತಂದರೋ, ಇಲ್ಲಿಯ ಡಾಕ್ಟರು ಹೇಗೆ ಒಪ್ಪಿದರೋ. ಸೆಪ್ಟೆಂಬರಿನಲ್ಲಿ ನಿನ್ನ ಜೊತೆಗೆ ಓದುವ ಮುಕುಂದ ನೇಸರಗಿಗೆ ಬಂದು ಗಾಯದ ಕೀವಿನ ಮಾದರಿ ಒಯ್ದ. ಹೋಗುವಾಗ ಮುನವಳ್ಳಿಯ ಒಂದು ಗಟಾರದ ನೀರನ್ನೂ ಬಾಟಲಿಗೆ ತುಂಬಿಕೊಂಡ. ಬ್ಯಾಕ್ಟೀರಿಯಾ ತಿನ್ನುವ ವೈರಸ್ಸು ಅಂಥಲ್ಲೇ ಸಿಗುತ್ತದಂತೆ. ಗಟಾರದ ನೀರನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಪುಣೆಗೆ ಒಯ್ದ ಮೊದಲ ಪುಣ್ಯಾತ್ಮ ಅವನೇ ಇರಬೇಕು.

ಅಕ್ಟೋಬರಿನಲ್ಲಿ ನಾನು ಈ ದವಾಖಾನೆಗೆ ಸೇರಿದ ಮೇಲೆ ಒಂದು ಬೆಳಗ್ಗೆ ನೀನು ಫೋನು ಮಾಡಿ ಕೂಗಿದೆ: "ಅಪ್ಪಾ, ಪಾಸ್ ಸಿಕ್ಕತಿ!" ನಿಮ್ಮ ಲ್ಯಾಬಿನ ಸಾಧು ಬ್ಯಾಕ್ಟೀರಿಯಾದಲ್ಲಿ ಬೆಳೆದ ವೈರಸ್ಸಿಗೆ ಆ ಮನೆಯ ಗುರುತಿತ್ತು. ನನ್ನ ಮಾದರಿಯ ಬ್ಯಾಕ್ಟೀರಿಯಾದೊಳಗೆ ಹೋದಾಗ ಕತ್ತರಿ ಬಹುತೇಕ ಎಲ್ಲವನ್ನೂ ತುಂಡರಿಸಿತು. ಲಕ್ಷಕ್ಕೊಂದು ಹೇಗೋ ತಪ್ಪಿಸಿಕೊಂಡು ಒಳಗೆ ಉಳಿಯಿತು, ಬೆಳೆಯಿತು. ಅದರ ಮರಿಗಳು ಹೊರಬರುವಾಗ ಈ ಹೊಸ ಮನೆಯ ಗುರುತನ್ನೇ ಹೊತ್ತು ಬಂದವು. ಇನ್ನು ಅವುಗಳನ್ನು ಕತ್ತರಿ ಮುಟ್ಟದು. ನೀನು ನಗುತ್ತಾ ಹೇಳುತ್ತಿದ್ದೆ. ನಾನು ಮಾತ್ರ ಯೋಚಿಸುತ್ತಿದ್ದೆ, ಅಲ್ಲಿ ಒಂದು ಸಲ ಒಳಗೆ ಉಳಿದು ಬಂದರೆ ಮನೆಯವನಾಗುತ್ತಾನೆ. ನಿನ್ನ ಅಜ್ಜಿ ಶೆಟ್ಟೆವ್ವ ಎಂಬತ್ತರ ಹತ್ತಿರ ಬಂದರೂ ಕೆಲವು ಮನೆಗಳ ಅಂಗಳದಲ್ಲೇ ನಿಂತು ಕರೆಯುತ್ತಾಳೆ. ಬಾ ಎಂದರೂ ಒಳಗೆ ಹೋಗುವುದಿಲ್ಲ, ಕಾಲು ತಾನೇ ನಿಂತುಬಿಡುತ್ತದೆ.

ನಾನು ವಾರ್ಡಿನಲ್ಲಿ ಎಲ್ಲರಿಗೂ ಡಂಗುರ ಸಾರಿದೆ. ಪಕ್ಕದ ಮಂಚದ ಯಮನಪ್ಪನಿಗೆ ಬಹಳ ಖುಷಿಯಾಯಿತು. ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು, ಹಿಮ್ಮಡಿಯ ಗಾಯಕ್ಕೆ ಬಂದಿದ್ದ. "ನಿಮ್ಮ ಮಗಳು ಹುಳಕ್ಕ ಪಾಸ್ ಕೊಡಸ್ತಾಳಂತಲ್ರೀ ಕಂಡಕ್ಟರ್ ಸಾಹೇಬ್ರ, ನನಗೊಂದು ಲೈಸೆನ್ಸ್ ಕೊಡಸ್ತಾಳೇನು ಕೇಳ್ರಿ" ಅಂದ. ನಿನ್ನ ಬಾಟಲಿ ಬಂತು. ಡಾಕ್ಟರು ದಿನವೂ ಗಾಯಕ್ಕೆ ಹಾಕಿದರು. ಮೇಲಿನ ಕೀವು ನಿಂತಿತು, ನಾವು ಪೇಢೆ ಹಂಚಿದೆವು. ಆಮೇಲೆ ಜ್ವರ ಬಂತು. ಹೆಬ್ಬೆರಳು ಕಪ್ಪಾಯಿತು. ಹೋದ ವಾರ ಅದನ್ನು ತೆಗೆದರು. ಜನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ ನನ್ನ ಹೆಬ್ಬೆರಳು ಮುಂಚೆಯೇ ಹೋಗಿ ಕಾಲಿಗೆ ಜಾಗ ಹಿಡಿದಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದಕ್ಕೆ ಬೇರೆ ಹಾಳೆಯನ್ನೇ ತೆಗೆದುಕೊಂಡಿದ್ದೇನೆ, ನಿಧಾನವಾಗಿ ಓದು.

ತೆಗೆದ ಬೆರಳಿನ ಎಲುಬನ್ನು ಡಾಕ್ಟರು ಪರೀಕ್ಷೆಗೆ ಕಳಿಸಿದ್ದರು. ನಿನ್ನೆ ಗೊತ್ತಾಯಿತು. ಎಲುಬಿನೊಳಗೆ ಕೂತಿರುವುದು ಬೇರೆಯೇ ಬ್ಯಾಕ್ಟೀರಿಯಾ. ನೀನು ಯಾವುದಕ್ಕೆ ಔಷಧಿ ಮಾಡಿದ್ದೆಯೋ ಅದರ ಸುಳಿವೇ ಇಲ್ಲವಂತೆ. ಸತ್ತಿದೆ, ಪೂರ್ತಿ ಸತ್ತಿದೆ. "ನಿಮ್ಮ ಮಗಳು ಕಳಿಸಿದ್ದು ತನ್ನ ಕೆಲಸ ಮಾಡೇತ್ರಿ. ಆದ್ರ ಖರೇ ಕಳ್ಳ ಇವ ಅಲ್ಲ" ಎಂದರು ಡಾಕ್ಟರು. ಹಾಗಾದರೆ ಖರೇ ಕಳ್ಳನಿಗೆ ಹೊಸ ಬಾಟಲಿ ಮಾಡಿಸಬಹುದಲ್ಲ ಎಂದೆ. ಅವರು ನನ್ನ ಕಾಲಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು, ಕಪ್ಪು ಇಲ್ಲಿಯವರೆಗೆ ಬಂದಿದೆ ಎಂದು ತೋರಿಸಿದರು. ನಿಮ್ಮ ವೈರಸ್ಸಿಗೆ ವಾರಗಳು ಬೇಕು. ಗೆರೆಗೆ ಅಷ್ಟು ಪುರುಸೊತ್ತಿಲ್ಲ.

ಮಾದರಿಯಲ್ಲಿ ಖರೇ ಕಳ್ಳ ಯಾಕೆ ಸಿಗಲಿಲ್ಲ ಎಂದರೆ, ಮಗಳೇ, ಮುಕುಂದ ಬರುವ ಮುಂಚೆ ನಾನು ಗಾಯ ತೊಳೆದಿದ್ದೆ. ಬಿಸಿನೀರು ಕಾಯಿಸಿ, ಸಾಬೂನು ಹಚ್ಚಿ, ಮೇಲೆ ಸ್ಪಿರಿಟ್ ಸುರಿದು, ತೊಳೆದ ಅರಿವೆ ಕಟ್ಟಿಕೊಂಡು ಕೂತಿದ್ದೆ. ವಾಸನೆ ಇತ್ತು. ಪುಣೆಯಿಂದ ಓದಿದ ಹುಡುಗ ಬರುತ್ತಾನೆ, ಅದೂ ರಾಮದುರ್ಗದ ಮಡಿವಂತ ಆಚಾರರ ಮನೆಯ ಮೊಮ್ಮಗ. ಅವನ ಮುಂದೆ ಹೊಲಸು ಕಾಲು ಹೇಗೆ ಚಾಚಲಿ? ಆ ಹುಡುಗ ಬಂಗಾರದಂಥವನು. ನೆಲದ ಮೇಲೆ ಕೂತ, ಎರಡು ಸಲ ಚಹಾ ಕುಡಿದ, ನಿನ್ನ ಅಜ್ಜಿಗೆ ಕಾಲುಮುಟ್ಟಿ ನಮಸ್ಕಾರ ಮಾಡಿದ. ಕಟ್ಟು ಬಿಚ್ಚಿದಾಗ, "ಎಷ್ಟ್ ಸ್ವಚ್ಛ ಇಟ್ಟೀರಲ್ರೀ, ಇಂಥಾ ಗಾಯಾ ನಾ ಎಲ್ಲೂ ನೋಡಿಲ್ಲ" ಅಂದ. ಅವನ ಜೊತೆಗೆ ಬಂದಿದ್ದ ಕಂಪೌಂಡರ್ ಗಾಯದ ಮೇಲೆ ಮೇಲೆ ಹತ್ತಿಯ ಕಡ್ಡಿ ಆಡಿಸಿ ಮಾದರಿ ತೆಗೆದುಕೊಟ್ಟ. ತೊಳೆದಿರಾ ಎಂದು ಮುಕುಂದ ಕೇಳಲಿಲ್ಲ, ತೊಳೆದೆ ಎಂದು ನಾನು ಹೇಳಲಿಲ್ಲ. ತೊಳೆದ ಮೇಲೆ ಉಳಿದದ್ದು ಯಾವುದೋ ಬಡಪಾಯಿ ಬ್ಯಾಕ್ಟೀರಿಯಾ, ಹಾದಿಹೋಕ. ಅದನ್ನೇ ಕಳ್ಳನೆಂದು ಮಂಜುಗಡ್ಡೆಯಲ್ಲಿಟ್ಟು ಪುಣೆಗೆ ಕಳಿಸಿದೆವು. ನೀನು ಅದರ ಕತ್ತರಿಯನ್ನು ಗೆದ್ದೆ, ಅದನ್ನು ಕೊಂದೆ. ನಾವು ನಿನಗೆ ತಪ್ಪು ವಿಳಾಸ ಕೊಟ್ಟಿದ್ದೆವು. ನನ್ನ ಕಾಲು ಹೋಗುತ್ತಿರುವುದು ನಿನ್ನ ಅಜ್ಞಾನದಿಂದಲ್ಲ, ನಮ್ಮೆಲ್ಲರ ಸಭ್ಯತೆಯಿಂದ.

ಇಷ್ಟು ಸಾಕ್ಷಿ. ಇನ್ನು ಮೊಕದ್ದಮೆಯನ್ನು ವಜಾ ಮಾಡು.

ಆದರೂ ರಾಜೀನಾಮೆ ಕೊಟ್ಟೇ ತೀರುತ್ತೇನೆ ಎಂದರೆ ಇನ್ನೊಂದು ಮಾತು ಕೇಳು. ಯಮನಪ್ಪ ಹೋದ ಶುಕ್ರವಾರ ತೀರಿಕೊಂಡ. ಮಧ್ಯಾಹ್ನ ನನ್ನ ಕೂಡ ಸಕ್ಕರೆ ಕಾರ್ಖಾನೆಯ ಹಂಗಾಮಿನ ಮಾತಾಡುತ್ತಿದ್ದ, ಸಂಜೆಗೆ ಅವನ ಹಾಸಿಗೆಯ ಚಾದರ ಬದಲಾಯಿಸಿದರು. ನಂಜು ರಕ್ತಕ್ಕೆ ಏರಿತ್ತು. ಅವನ ಹಿಮ್ಮಡಿಯಲ್ಲಿದ್ದದ್ದೂ ನನ್ನ ಎಲುಬಿನಲ್ಲಿರುವ ಜಾತಿಯದೇ ಎಂದು ನಿನ್ನೆ ಡಾಕ್ಟರು ಹೇಳಿದರು. ಅವನು ಸಾಯುವ ಮುಂಚೆ ಅವನ ಹೆಂಡತಿ ನನ್ನ ಮಂಚದ ಹತ್ತಿರ ಬಂದು, "ಅಣ್ಣಾರ, ನಿಮ್ಮ ಮಗಳ ಬಾಟಲಿ ನಮಗೂ ಒಂದ್ ಸಿಗತೈತೇನ್ರಿ?" ಎಂದು ಕೇಳಿದ್ದಳು. ಕೇಳಿ ನೋಡುತ್ತೇನೆ ಎಂದಿದ್ದೆ. ಒಬ್ಬರ ಬಾಟಲಿ ಇನ್ನೊಬ್ಬರಿಗೆ ನಡೆಯುವುದಿಲ್ಲ, ಕತ್ತರಿ ಬೇರೆ, ಗುರುತು ಬೇರೆ ಎಂದು ನೀನೇ ಕಲಿಸಿದ್ದೆಯಲ್ಲ. ಅದನ್ನು ಆ ಹೆಣ್ಣುಮಗಳ ಮುಖಕ್ಕೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಈಗ ಹೇಳು, ನೇಸರಗಿಯಲ್ಲಿ ನೀನು ಟ್ಯೂಷನ್ ಹೇಳುತ್ತ ಕೂತರೆ ಆ ಬಾಟಲಿಯನ್ನು ಯಾರು ಮಾಡಬೇಕು? ಟ್ಯೂಷನ್ನಿಗೆ ನಮ್ಮಲ್ಲಿ ಸಾಕಷ್ಟು ಮಾಸ್ತರರಿದ್ದಾರೆ. ಅವರ ಹೊಟ್ಟೆಯ ಮೇಲೆ ಹೊಡೆಯಬೇಡ.

ನನ್ನನ್ನು ನೋಡಲು ನೀನು ಬರುವುದು ಬೇಡ ಎನ್ನುವುದಿಲ್ಲ. ಬಾ. ಆದರೆ ಹೋಗುವ ಟಿಕೆಟನ್ನೂ ತೆಗೆಸಿಕೊಂಡು ಬಾ. ನನ್ನ ಹೃದಯವೂ ಮೂತ್ರಪಿಂಡವೂ ಅಷ್ಟು ಗಟ್ಟಿಯಿಲ್ಲ ಎಂದು ಡಾಕ್ಟರು ನಿನ್ನವ್ವನಿಗೆ ಹೊರಗೆ ಕರೆದು ಹೇಳಿದ್ದಾರೆ. 'ಹೊರಗೆ' ಎಂದರೆ ಪರದೆಯ ಆಚೆ. ನನಗೆ ಪಾದ ಜೋಮು ಹಿಡಿದಿದೆ, ಕಿವಿ ಹಿಡಿದಿಲ್ಲ. ಏನೇ ಆದರೂ ಲ್ಯಾಬಿನ ಬಾಗಿಲು ಮುಚ್ಚಿಕೊಂಡು ಬರಬೇಡ ಎಂಬುದೇ ನನ್ನ ಮಾತು. ನಿನ್ನ ಸರ್‌ಗೆ ನನ್ನ ನಮಸ್ಕಾರ ತಿಳಿಸು. ಮುಕುಂದನನ್ನು ಬೈಯಬೇಡ.

ಇಂತಿ,
ಗುರುವಾರದವರೆಗೆ ಎರಡು ಕಾಲಿನ
ನಿನ್ನ ಅಪ್ಪ,
ವಿರೂಪಾಕ್ಷ

ತಾ.ಕ.: ಲಕೋಟೆ ಅಂಟಿಸಬೇಕು ಎನ್ನುವಷ್ಟರಲ್ಲಿ ನಿನ್ನ ಅಜ್ಜಿ ಊಟದ ಡಬ್ಬಿ ಹಿಡಿದು ಬಂದಳು. ಮನೆಯಿಂದ ಯಾವ ಪತ್ರ ಹೊರಟರೂ ಅವಳ ಮುಂದೆ ಗಟ್ಟಿಯಾಗಿ ಓದಿಯೇ ಕಳಿಸಬೇಕೆಂಬ ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆ. ಓದಿದೆ. ಬಸ್ಸಿಗೆ ನಕ್ಕಳು, ಕಣಕದ ಉಂಡೆಗೆ ನಕ್ಕಳು, ಯಮನಪ್ಪನಿಗೆ ಸೆರಗು ಕಣ್ಣಿಗೆ ಒತ್ತಿಕೊಂಡಳು. ಮುಗಿಯಿತು ಎಂದೆ.

"ನಡುವ ಒಂದು ಹಾಳಿ ಓದಲಾರದ ತಿರುವಿದಿ" ಅಂದಳು.

ಇಲ್ಲವ್ವಾ ಎಂದೆ.

"ನನಗ ಓದಾಕ ಬರೂದಿಲ್ಲೋ ವಿರೂಪಾ. ಹಾಳಿ ಎಣಸಾಕ ಬರತೈತಿ."

ಓದಿದೆ. ಅವಳು ತೆರೆದಿದ್ದ ಡಬ್ಬಿಯ ಮುಚ್ಚಳವನ್ನು ಮತ್ತೆ ಹಾಕಿದಳು. ಆಮೇಲೆ ಅಂದಳು: "ನೀ ತೊಳದ್ಯಾ? ಆ ಹೊಟ್ಟಿ ದಾಟಿ ನಿನ್ನ ಕೈ ನಿನ್ನ ಕಾಲಿಗೆ ಯಾವಾಗ ಮುಟ್ಟೇತಿ? ನಾ ತೊಳದೇನಿ. ನೀ ಬ್ಯಾಡ ಬ್ಯಾಡ ಅಂದ್ರೂ ತೊಳದೇನಿ. ಆ ಹುಡುಗ ಸ್ವಚ್ಛ ಇಟ್ಟೀರಿ ಅಂದಾಗ ನನಗ ಎಷ್ಟ ಹಿಗ್ಗ ಆಗಿತ್ತು ಗೊತ್ತೈತೇನು? ಅಂಥಾ ಮನಿಯವರ ಬಾಯಾಗ ಆ ಮಾತು ನಾ ಹುಟ್ಟಿದಾಗಿಂದ ಕೇಳಿದ್ದಿಲ್ಲ."

ಆ ಹಾಳೆ ಹರಿದುಬಿಡುತ್ತೇನೆ ಎಂದೆ. ಬೇಡ ಅಂದಳು. "ಹರದರ ಕೂಸು ಮತ್ತ ತಪ್ಪ ಕಲೀತೈತಿ. ಕೆಳಗ ಬರಿ, ತೊಳದಾಕಿ ಶೆಟ್ಟೆವ್ವ ಅಂತ. ಮುಂದ ಯಾರ ಮನಿಗಿ ಹೋದ್ರೂ ಮೊದಲ ಆ ಮನ್ಯಾಗಿನ ಮುದಕೀನ್ನ ಕೇಳು ಅಂತ ಬರಿ, ತೊಳದೀರೇನಬೇ ಅಂತ. ನಿಂತ ಕೇಳಬ್ಯಾಡ, ಕುಂತ ಕೇಳು. ಕುಂತ ಕೇಳಿದ್ರ ಹೇಳತಾರ."

ಬರೆದಿದ್ದೇನೆ. ಕೆಳಗಿನ ಹೆಬ್ಬೆಟ್ಟು ಅವಳದು. ನರ್ಸಮ್ಮನ ಮೇಜಿನಿಂದ ತಾನೇ ಮಸಿಪ್ಯಾಡು ಬೇಡಿ ತಂದು ಒತ್ತಿದ್ದಾಳೆ. ಬೆರಳಿಗೆ ಹತ್ತಿದ ಮಸಿ ತೊಳೆದುಕೊಂಡು ಬರುತ್ತೇನೆಂದು ಹೋದವಳು ಇನ್ನೂ ಬಂದಿಲ್ಲ. ನಲ್ಲಿಯ ಸಪ್ಪಳ ಕೇಳುತ್ತಲೇ ಇದೆ.